ಗಣಕದ ವೇಗವೂ ಗೃಹಸ್ಥನ ವಿವೇಕವೂ

ಶಿಕ್ಷಕವೃತ್ತಿಯಲ್ಲಿ ನಾವು ಎರಡು ಬಗೆಯ ವಿದ್ಯಾರ್ಥಿಗಳನ್ನು ಕಂಡಿರುವೆವು. ಒಬ್ಬನು ಲೆಕ್ಕ ತಿಳಿಯದಿದ್ದರೆ ಪಾಟಿಯನ್ನು ಕೆಳಗಿಟ್ಟು ಸುಮ್ಮನೆ ಕೂಡುವನು. ಇನ್ನೊಬ್ಬನು ಎಲ್ಲರಿಗಿಂತ ಮೊದಲು ಕೈಯೆತ್ತಿ ತಪ್ಪುತ್ತರ ಹೇಳುವನು. ಗುರುವಿಗೆ ಹೆಚ್ಚು ಶ್ರಮ ಕೊಡುವವನು ಈ ಎರಡನೆಯವನೇ. ಕಟಕೋಳದ ನಮ್ಮ ಮನೆಯ ಗಣಕಯಂತ್ರವು ಕಳೆದ ಬೇಸಿಗೆಯಲ್ಲಿ ಇಂಥ ವಿದ್ಯಾರ್ಥಿಯಾಯಿತು. ಅದರ ಕಾರಣವನ್ನು ವಾಚಕರ ಮುಂದಿಡುವದು ಉಪಯುಕ್ತವೆಂದು ಭಾವಿಸುವೆವು.

ಗಣಕದ ಮಿದುಳಿಗೆ ಪ್ರೊಸೆಸರ್ ಎಂದು ಹೆಸರು. ಗಾಯಕನಿಗೆ ತಾಳವಿದ್ದಂತೆ ಅದಕ್ಕೂ ಒಂದು ತಾಳವುಂಟು. ಯಂತ್ರದ ಮೂಲತಾಳವು ಸಾಮಾನ್ಯವಾಗಿ ಸೆಕೆಂಡಿಗೆ 10 ಕೋಟಿ ಬಡಿತ. ಅದನ್ನು 40ರಿಂದ ಗುಣಿಸಿದರೆ 400 ಕೋಟಿ, ಅರ್ಥಾತ್ 4 ಗಿಗಾಹರ್ಟ್ಸ್ ಆಗುವದು. ತಯಾರಕರ ಮಿತಿಯನ್ನು ದಾಟಿ ಈ ತಾಳವನ್ನು ಹೆಚ್ಚಿಸುವದಕ್ಕೆ ಓವರ್‌ಕ್ಲಾಕಿಂಗ್ ಎನ್ನುವರು.

ಇಲ್ಲಿ ಒಂದು ಭೇದವನ್ನು ಅರಿಯತಕ್ಕದ್ದು. 2008ರಲ್ಲಿ ಇಂಟೆಲ್ ಸಂಸ್ಥೆಯು ತಂದ ಟರ್ಬೊ ಬೂಸ್ಟ್, 2010ರಲ್ಲಿ ಎಎಂಡಿ ತಂದ ಟರ್ಬೊ ಕೋರ್ ಇವು ಪ್ರೊಸೆಸರಿನ ಬಿಸಿಯನ್ನು ನೋಡಿಕೊಂಡು ಮಿತಿಯೊಳಗೇ ವೇಗವನ್ನು ಏರಿಳಿಸುವವು. ಆ ಮಿತಿಯು ಊಹೆಯದಲ್ಲ, ಇಂಜಿನಿಯರರು ಪರೀಕ್ಷಿಸಿ ಕಟ್ಟಿದ ಗಡಿ. 2008ರ ಜಿಯಾನ್ 7400 ಪ್ರೊಸೆಸರು ನಮ್ಮ ಬೆಂಗಳೂರಿನಲ್ಲಿಯೇ ರೂಪುಗೊಂಡಿತೆಂಬುದು ಅಭಿಮಾನದ ಸಂಗತಿ. ಆದರೆ ಎಎಂಡಿಯ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, 2019ರ ಇಂಟೆಲ್ ಪರ್ಫಾರ್ಮೆನ್ಸ್ ಮ್ಯಾಕ್ಸಿಮೈಜರ್ ಮೊದಲಾದ ಸಾಧನಗಳು ಗಡಿಯಾಚೆಗೆ ತಾವಾಗಿಯೇ ವೇಗವನ್ನು ಒಯ್ಯುವವು.

ನಮ್ಮ ಕಿರಿಯ ಮಗನು ಮಾಘದ ಒಂದು ಚಳಿಯ ಮುಂಜಾನೆ ಇಂಥದೇ ಒಂದು ಗುಂಡಿಯನ್ನು ಒತ್ತಿದನು. ಯಂತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಂಡು ತೇರ್ಗಡೆಯಾಯಿತು. ವೈಶಾಖದ ಮಧ್ಯಾಹ್ನ ನಮ್ಮ ಮನೆಯವರು ಮಹಿಳಾ ಸಂಘದ ಜಮಾಖರ್ಚು ಬರೆಯುತ್ತಿರುವಾಗ ಅದು ಒಮ್ಮೆಲೆ ನಿಂತಿತು. ತಿರುಗಿ ತೆರೆದಾಗ, ಸಾಲ ಕೊಟ್ಟ ಎರಡು ಬಾಬುಗಳು ಮಾಯವಾಗಿದ್ದವು, ಯಾರೂ ಲಕ್ಷಿಸಲಿಲ್ಲ. ಪುಸ್ತಕಕ್ಕಿಂತ ಪೆಟ್ಟಿಗೆಯಲ್ಲಿ 4,000 ರೂಪಾಯಿ ಕಡಿಮೆ! ಹಣ ಕಾಯುವ ನೆರೆಮನೆಯ ಬಡ ತಾಯಿಯ ಮೇಲೆ ಎರಡು ದಿನ ಸಂಶಯವು ಸುಳಿದಾಡಿತು. ಕೈಬರಹದ ಕಿರ್ದಿಯೇ ಆಕೆಯ ಮಾನವನ್ನು ಕಾಯಿತು.

ಹೀಗೇಕಾಯಿತು? ವೇಗ ಹೆಚ್ಚಿಸಲು ವಿದ್ಯುತ್ತಿನ ಒತ್ತಡವನ್ನೂ ಹೆಚ್ಚಿಸಬೇಕಾಗುವದು. ವ್ಯಯವಾಗುವ ಶಕ್ತಿಯು ಒತ್ತಡದ ವರ್ಗಕ್ಕೂ ವೇಗಕ್ಕೂ ಅನುಸಾರವಾಗಿರುವದು. ಎರಡನ್ನೂ ನೂರಕ್ಕೆ 10ರಷ್ಟು ಏರಿಸಿದರೆ ಬಿಸಿಯು ಸುಮಾರು 33ರಷ್ಟು ಏರುವದು. ಕೋಣೆಯು 10 ಅಂಶ ಕಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಕಾಯುವದು. ಮುಂದಿನ ತಾಳ ಬೀಳುವದರೊಳಗೆ ಸಂಕೇತವು ಗುರಿ ಮುಟ್ಟದಿದ್ದರೆ 1 ಇರಬೇಕಾದಲ್ಲಿ 0 ಉಳಿಯುವದು. ಮಾಘದಲ್ಲಿ ತೇರ್ಗಡೆಯಾದದ್ದು ವೈಶಾಖದಲ್ಲಿ ನಪಾಸಾದುದು ಹೀಗೆ.

ಮಗನು ತಾನೇ ಮೊದಲಿನ ವ್ಯವಸ್ಥೆಯನ್ನು ತಿರುಗಿ ಇಟ್ಟು, ಪಂಖದ ಧೂಳನ್ನು ಒರೆಸಿ, ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದನು. ಆಟಕ್ಕಾಗಿ ವೇಗ ಬೇಕೆನ್ನುವ ತರುಣರನ್ನು ನಾವು ತಡೆಯೆವು. ಆದರೆ ಅವರು ಬಿರುಬಿಸಿಲಿನ ಹೊತ್ತಿನಲ್ಲಿ ತಾಸುಗಟ್ಟಲೆ ಪರೀಕ್ಷಿಸಲಿ, ಮಿತಿ ಮೀರಿದರೆ ಗ್ಯಾರಂಟಿಯು ತಪ್ಪಬಹುದೆಂಬುದನ್ನು ಮೊದಲೇ ಓದಿಕೊಳ್ಳಲಿ. ಮನೆಯ ಲೆಕ್ಕಪತ್ರಗಳಿಗೆ ತಯಾರಕರು ಕೊಟ್ಟ ವೇಗವೇ ಧಾರಾಳ. ಬೆರಳುಗಳು ಅದಕ್ಕಿಂತ ಬೇಗ ಬರೆಯಲಾರವು. ಲೆಕ್ಕದ ಇನ್ನೊಂದು ಪ್ರತಿಯು ಯಾವಾಗಲೂ ಬೇರೆಡೆ ಇರಲಿ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಯಂತ್ರಕ್ಕೂ ಸಲ್ಲುವದು.