ಮೂವತ್ತೊಂದನೇ ಮಗುವಿನ ಬೆಲೆ 15 ಸಾವಿರ!

ಒಂದೂರಿನ ಸರ್ಕಾರಿ ಶಾಲೆಯಲ್ಲಿ 30 ಮಕ್ಕಳಿದ್ದಾರೆ. ಪಕ್ಕದ ಊರಿನ ಶಾಲೆಯಲ್ಲಿ 31. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ಮೊದಲ ಶಾಲೆಗೆ ವರ್ಷಕ್ಕೆ ಸಿಗುವ ಶಾಲಾ ಅನುದಾನ 10,000 ರೂಪಾಯಿ. ಎರಡನೆಯದಕ್ಕೆ 25,000. ಒಂದೇ ಒಂದು ಮಗು ಹೆಚ್ಚಿದ್ದಕ್ಕೆ 15,000 ರೂಪಾಯಿ ಅಂತರ! ಆ 31ನೇ ಮಗು ಅಪ್ಪ-ಅಮ್ಮನ ಜೊತೆ ಕಬ್ಬು ಕಡಿಯಲು ಗುಳೆ ಹೋಗಿ, ದಾಖಲಾತಿಯಿಂದ ಹೆಸರು ಕಳಚಿಕೊಂಡರೆ ಉಳಿದ 30 ಮಕ್ಕಳ ಪಾಲಿನ ಹಣವೂ ಅದರ ಹಿಂದೆಯೇ ಹೊರಟುಹೋಗುತ್ತದೆ.

ಸರ್ವ ಶಿಕ್ಷಣ ಅಭಿಯಾನ, ಮಾಧ್ಯಮಿಕ ಶಿಕ್ಷಣ ಅಭಿಯಾನಗಳನ್ನೆಲ್ಲ ಒಗ್ಗೂಡಿಸಿ 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ರೂಪಿಸಲಾಯಿತು. ಕರ್ನಾಟಕದಂಥ ರಾಜ್ಯಗಳಲ್ಲಿ ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಅನುಪಾತದಲ್ಲಿ ಭರಿಸುತ್ತವೆ. ಶಿಕ್ಷಕರ ಸಂಬಳ, ಬಿಸಿಯೂಟ, ಪಠ್ಯಪುಸ್ತಕದ ಲೆಕ್ಕ ಬೇರೆ. ಶಾಲಾ ಅನುದಾನ ಇರುವುದು ದಿನನಿತ್ಯದ ಖರ್ಚಿಗೆ: ಸೀಮೆಸುಣ್ಣ, ರಿಜಿಸ್ಟರು, ಮುರಿದ ಬೆಂಚಿನ ರಿಪೇರಿ, ಕಲಿಕಾ ಸಾಮಗ್ರಿ. ಇದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಎತ್ತಿಡಬೇಕು. 31ರಿಂದ 100 ಮಕ್ಕಳಿದ್ದರೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲಿದ್ದರೆ ಒಂದು ಲಕ್ಷ ರೂಪಾಯಿ.

ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಈ ಪಟ್ಟಿ ನೋಡಿದ ಕೂಡಲೇ ನೆನಪಾಗಿದ್ದು ‘ಸ್ಟೆಪ್ ಫಂಕ್ಷನ್’. ಗ್ರಾಫ್ ಹಾಕಿದರೆ ಮೆಟ್ಟಿಲುಗಳು. ಮೆಟ್ಟಿಲ ಮೇಲೆ ನಡೆಯುವಷ್ಟು ದೂರವೂ ಎತ್ತರ ಬದಲಾಗದು, ಅಂಚಿನಲ್ಲಿ ಮಾತ್ರ ಒಮ್ಮೆಲೇ ಏರುತ್ತದೆ ಅಥವಾ ಬೀಳುತ್ತದೆ. ಮಕ್ಕಳ ಅಗತ್ಯ ಹೀಗೆ 30ಕ್ಕೂ 31ಕ್ಕೂ ನಡುವೆ ಜಿಗಿಯುವುದಿಲ್ಲವಲ್ಲ!

ತಲೆ ಎಣಿಸಿದರೆ ಸಾಕೇ?

‘ಹತ್ತೇ ಮಕ್ಕಳಿರುವ ಶಾಲೆಗೆ ತಲಾ ಸಾವಿರ ರೂಪಾಯಿ ಬರುತ್ತದೆ, ಸಾವಿರ ಮಕ್ಕಳಿರುವ ಶಾಲೆಗೆ ತಲಾ 75 ರೂಪಾಯಿ ಮಾತ್ರ. ಚಿಕ್ಕ ಶಾಲೆಗೇ ಲಾಭವಲ್ಲವೇ?’ ಎಂದು ಯಾರಾದರೂ ಕೇಳಬಹುದು. ಲೆಕ್ಕ ತಪ್ಪಲ್ಲ. ಆದರೆ ಶೌಚಾಲಯ ತೊಳೆಸುವ ಖರ್ಚು, ಸೋರುವ ಹೆಂಚಿನ ಖರ್ಚು ಮಕ್ಕಳ ಸಂಖ್ಯೆ ನೋಡಿಕೊಂಡು ಕಡಿಮೆಯಾಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ಹತ್ತು ಸಾವಿರವನ್ನು 200ರಿಂದ ಭಾಗಿಸಿ: ದಿನಕ್ಕೆ 50 ರೂಪಾಯಿ. ಒಂದು ಮಸಾಲೆದೋಸೆಯ ದುಡ್ಡಿನಲ್ಲಿ ಇಡೀ ಶಾಲೆಯ ಒಂದು ದಿನ ಸಾಗಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಮಕ್ಕಳು ಯಾರು ಎಂಬುದು. ಪಟ್ಟಣದ ಅಂಚಿನ ಒಂದು ಶಾಲೆ, ತಾಂಡಾದ ಒಂದು ಶಾಲೆ ಎಂದಿಟ್ಟುಕೊಳ್ಳೋಣ. ಎರಡರಲ್ಲೂ 60 ಮಕ್ಕಳು. ಎರಡಕ್ಕೂ ಅನುದಾನ 25,000. ಶಿಕ್ಷಣ ಹಕ್ಕು ಕಾಯ್ದೆಯ ಕನಿಷ್ಠ ಮಾನದಂಡದಂತೆ ಐದು ತರಗತಿಗಳಿಗೆ ಸೇರಿ ಎರಡಕ್ಕೂ ಇಬ್ಬರು ಶಿಕ್ಷಕರು. ಕಾಗದದ ಮೇಲೆ ಸಂಪೂರ್ಣ ಸಮಾನತೆ. ಆದರೆ ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಮಾತಾಡಿ ಬಂದು ಶಾಲೆಯಲ್ಲಿ ಕನ್ನಡ ಕಲಿಯಬೇಕು. ನಾನು ಓದಿದ ಹಳ್ಳಿ ಶಾಲೆಯಲ್ಲಿ ತಾಂಡಾದ ಗೆಳೆಯರಿಗೆ ಒಂದನೇ ತರಗತಿಯ ಕನ್ನಡ ಹೊಸ ಭಾಷೆಯೇ ಆಗಿತ್ತು. ಸುಗ್ಗಿಯಲ್ಲಿ ಮನೆಮಂದಿಯ ಜೊತೆ ಗುಳೆ ಹೋಗಿ ಮೂರು ತಿಂಗಳ ನಂತರ ಬಂದವರಿಗೆ ತಪ್ಪಿದ ಪಾಠ ಹೇಳಿಕೊಡಲು ಇನ್ನೊಬ್ಬ ಮೇಷ್ಟ್ರು ಇರಲಿಲ್ಲ. ಇಂಥ ಮಗುವನ್ನು ಓದಿಸಲು ಬೇಕಾಗುವ ಸಮಯ, ಶ್ರಮ, ಹಣ ಎಲ್ಲವೂ ಹೆಚ್ಚು. ತಲೆ ಎಣಿಸುವ ಸೂತ್ರಕ್ಕೆ ಇದು ಕಾಣುವುದೇ ಇಲ್ಲ.

ತೂಕ ಹಾಕುವ ಸೂತ್ರ

ಈ ಹೆಚ್ಚುವರಿ ಅಗತ್ಯವನ್ನು ಲೆಕ್ಕದೊಳಗೆ ತರಲು ಸಾಧ್ಯವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ಇದಕ್ಕೊಂದು ಉದಾಹರಣೆ. ಅಲ್ಲಿ ಶಾಲೆಗಳ ಹಣ ಬಹುಪಾಲು ಸ್ಥಳೀಯ ಆಸ್ತಿ ತೆರಿಗೆಯನ್ನು ಅವಲಂಬಿಸಿತ್ತು. 1968-69ರಲ್ಲಿ ಸಿರಿವಂತರ ಬೆವರ್ಲಿ ಹಿಲ್ಸ್‌ನಲ್ಲಿ ಪ್ರತಿ ವಿದ್ಯಾರ್ಥಿಗೆ ಸುಮಾರು 1,232 ಡಾಲರ್ ಖರ್ಚಾದರೆ, ಬಾಲ್ಡ್‌ವಿನ್ ಪಾರ್ಕ್‌ನಲ್ಲಿ 577 ಡಾಲರ್. ತಮಾಷೆಯೆಂದರೆ ತೆರಿಗೆ ದರ ಹೆಚ್ಚಿದ್ದದ್ದು ಬಾಲ್ಡ್‌ವಿನ್ ಪಾರ್ಕ್‌ನಲ್ಲೇ. 1971ರ ‘ಸೆರಾನೋ’ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಗುವಿನ ಶಿಕ್ಷಣ ನೆರೆಹೊರೆಯ ಆಸ್ತಿಯ ಮೇಲೆ ನಿಲ್ಲಕೂಡದು ಎಂಬ ನಿಲುವು ತಳೆಯಿತು.

2013ರಲ್ಲಿ ಆ ರಾಜ್ಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರತಿ ಮಗುವಿಗೂ ಒಂದು ಮೂಲ ಮೊತ್ತ. ಮಗು ಬಡ ಕುಟುಂಬದ್ದಾದರೆ, ಇಂಗ್ಲಿಷನ್ನು ಹೊಸದಾಗಿ ಕಲಿಯುತ್ತಿದ್ದರೆ ಅಥವಾ ಸರ್ಕಾರದ ಪೋಷಣೆಯಲ್ಲಿದ್ದರೆ ಅದರ ಮೇಲೆ ಶೇ 20ರಷ್ಟು ಹೆಚ್ಚುವರಿ. ಇಂಥ ಮಕ್ಕಳ ಪ್ರಮಾಣ ಒಂದು ಶಾಲಾ ಜಿಲ್ಲೆಯಲ್ಲಿ ಶೇ 55 ದಾಟಿದರೆ, ದಾಟಿದ ಭಾಗಕ್ಕೆ ಇನ್ನೂ ಒಂದು ಮೊತ್ತ. ಅದೀಗ ಮೂಲ ಮೊತ್ತದ ಶೇ 65ರಷ್ಟಿದೆ. ಕಷ್ಟದಲ್ಲಿರುವ ಮಕ್ಕಳೇ ಒಂದೆಡೆ ಸೇರಿದಾಗ ಶಾಲೆಯ ಹೊರೆ ಇನ್ನಷ್ಟು ಹೆಚ್ಚುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಈ ಸೂತ್ರವನ್ನು ನಮ್ಮ ತಾಂಡಾ ಶಾಲೆಗೆ ಹಾಕಿ ನೋಡೋಣ. 60 ಮಕ್ಕಳಲ್ಲಿ 45 ಮಂದಿ, ಅಂದರೆ ಶೇ 75ರಷ್ಟು ಮಂದಿ, ಹೆಚ್ಚಿನ ಅಗತ್ಯವುಳ್ಳವರು ಎಂದುಕೊಳ್ಳಿ. ಮೊದಲ ತೂಕಕ್ಕೆ 9, ಎರಡನೆಯದಕ್ಕೆ ಸುಮಾರು 8 ಸೇರುತ್ತದೆ. ಹಾಜರಿ ಪುಸ್ತಕದಲ್ಲಿ 60 ಮಕ್ಕಳಿದ್ದರೂ ಹಣದ ಲೆಕ್ಕದಲ್ಲಿ ಅದು 77 ಮಕ್ಕಳ ಶಾಲೆ!

ಹಾಗಂತ ಕ್ಯಾಲಿಫೋರ್ನಿಯಾ ಸ್ವರ್ಗವೇನಲ್ಲ. ಹೆಚ್ಚುವರಿ ಹಣ ನಿಜಕ್ಕೂ ಆ ಮಕ್ಕಳಿಗೇ ತಲುಪುತ್ತಿದೆ ಎಂಬುದನ್ನು ಈಗಿನ ವ್ಯವಸ್ಥೆ ಖಾತ್ರಿಪಡಿಸಿಲ್ಲ ಎಂದು 2019ರಲ್ಲಿ ಅಲ್ಲಿನ ರಾಜ್ಯ ಲೆಕ್ಕಪರಿಶೋಧಕರೇ ವರದಿ ಕೊಟ್ಟರು. ಸೂತ್ರ ಎಷ್ಟೇ ಚೆನ್ನಾಗಿರಲಿ, ರಸೀದಿ ಕೇಳುವವರಿಲ್ಲದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ನಮ್ಮಲ್ಲೇ ಇದೆ ಬೀಜ

ಹಿಂದುಳಿದವರಿಗೆ ಹೆಚ್ಚು ಕೊಡಬೇಕೆಂಬ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಆಗಿನ ಗುಲ್ಬರ್ಗ ವಿಭಾಗದವು. ಸಮಗ್ರ ಶಿಕ್ಷಣದಲ್ಲೂ ಶೈಕ್ಷಣಿಕವಾಗಿ ಹಿಂದುಳಿದ ಪ್ರದೇಶಗಳ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ವಸತಿ ಶಾಲೆಗಳಿವೆ. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವಿದೆ. ಆದರೆ ಇವೆಲ್ಲ ಬಿಡಿಬಿಡಿ ಯೋಜನೆಗಳು. ಮುಖ್ಯೋಪಾಧ್ಯಾಯರ ಕೈಗೆ ಬರುವ ಶಾಲಾ ಅನುದಾನ ಮಾತ್ರ ಈಗಲೂ ಬರೀ ತಲೆ ಎಣಿಸುತ್ತದೆ.

ಇದನ್ನು ಸರಿಪಡಿಸಲು ರಾಕೆಟ್ ವಿಜ್ಞಾನ ಬೇಕಿಲ್ಲ. ಎಷ್ಟೇ ಮಕ್ಕಳಿರಲಿ, ಶಾಲೆಯ ಬಾಗಿಲು ತೆರೆದಿಡಲು ಬೇಕಾದ ಒಂದು ಖಚಿತ ಮೊತ್ತ ಮೊದಲು ಸಿಗಲಿ. ಅದರ ಮೇಲೆ ಪ್ರತಿ ಮಗುವಿಗೆ ಇಂತಿಷ್ಟು, ಮನೆಮಾತು ಬೇರೆಯಿರುವ, ಗುಳೆ ಹೋಗುವ, ಅಂಗವೈಕಲ್ಯವಿರುವ ಮಗುವಿಗೆ ಸ್ವಲ್ಪ ಹೆಚ್ಚು. ‘ಹಾಗಾದರೆ ಸುಳ್ಳು ಸಂಖ್ಯೆ ತುಂಬುತ್ತಾರೆ’ ಎಂಬ ಆಕ್ಷೇಪ ಬರುವುದು ಸಹಜ. ಆದರೆ ಪ್ರತಿ ಮಗುವಿನ ವಿವರ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಈಗಾಗಲೇ ದಾಖಲಾಗುತ್ತಿದೆ. ಇಂದು 30 ಮತ್ತು 31ರ ನಡುವೆ 15,000 ರೂಪಾಯಿ ಇರುವಾಗಲೇ ಸುಳ್ಳು ಹೇಳುವ ಆಸೆ ಹೆಚ್ಚು. ಮೆಟ್ಟಿಲು ಹೋಗಿ ಇಳಿಜಾರು ಬಂದರೆ ಒಂದು ಸುಳ್ಳು ಹೆಸರಿನಿಂದ ಸಿಗುವ ಲಾಭವೂ ಚಿಲ್ಲರೆಯಷ್ಟೇ.

ಇದರಲ್ಲಿ ನಮ್ಮ ಪಾತ್ರವೇನು? ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕಾದದ್ದು ಊರಿನ ಪೋಷಕರೇ ಹೆಚ್ಚಿರುವ ಸಮಿತಿ, ಅಂದರೆ ನಮ್ಮ ಎಸ್‌ಡಿಎಂಸಿ. ಅಲ್ಲಿ ಕೂರುವವರು ನಮ್ಮ ಅಕ್ಕ, ಅಣ್ಣ, ಚಿಕ್ಕಪ್ಪಂದಿರು. ಅವರಲ್ಲಿ ಹಲವರಿಗೆ ಎಕ್ಸೆಲ್ ಹಾಳೆಯ ಪರಿಚಯವಿಲ್ಲದಿರಬಹುದು, ನಮಗಿದೆ. ರಜೆಯಲ್ಲಿ ಊರಿಗೆ ಹೋದಾಗ ಒಂದು ಮಧ್ಯಾಹ್ನ ಅವರ ಜೊತೆ ಕುಳಿತು ಅನುದಾನ ಎಷ್ಟು, ಯಾವಾಗ ಬಂತು, ಯಾವುದಕ್ಕೆ ಹೋಯಿತು, ಇನ್ನೂ ಏನು ಬೇಕು ಎಂದು ಬರೆದುಕೊಡಬಹುದು. ಕೆಲಸ ಹುಡುಕುತ್ತಿರುವವರ ಕೈಯಲ್ಲಂತೂ ಇದಕ್ಕೆ ಬೇಕಾದ ಕೌಶಲವೂ ಇದೆ, ತುಸು ಸಮಯವೂ ಇದೆ. ಆ ಹಾಳೆ ಗ್ರಾಮಸಭೆಯಲ್ಲಿ ಓದಿದರೆ ಶಾಸಕರವರೆಗೂ ಮುಟ್ಟೀತು.

ಗಾಲಿಕುರ್ಚಿಯ ಮಗುವಿಗಾಗಿ ಶಾಲೆಯ ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟಬೇಕೆಂದು ಒಪ್ಪಿಕೊಂಡಿದ್ದೇವೆ. ಅನುದಾನದ ಮೆಟ್ಟಿಲಿಗೂ ಅಂಥದ್ದೊಂದು ರ‍್ಯಾಂಪ್ ಬೇಕಾಗಿದೆ.