ಆಣೆಗೆ ತಪ್ಪದ ಹನ್ನೆರಡು ಮಂದಿ

ದೈವಶ್ರದ್ಧೆಯು ಮನುಷ್ಯನ ಅಂತರಂಗಕ್ಕೆ ಸಂಬಂಧಿಸಿದುದೆಂದೂ ಪೌರಧರ್ಮವು ಲೋಕವ್ಯವಹಾರಕ್ಕೆ ಸೇರಿದುದೆಂದೂ ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಶ್ರದ್ಧೆಯು ನಿರ್ಬಾಧವಾಗಿ ಬಾಳಬೇಕಾದರೆ ಅದನ್ನು ಕಾಯುವ ನ್ಯಾಯವಿರಬೇಕು. ಆ ನ್ಯಾಯವು ಕುಸಿಯದೆ ನಿಲ್ಲಬೇಕಾದರೆ ಭಯಕ್ಕೆ ಬಗ್ಗದ ಪೌರರಿರಬೇಕು. ಅಂಥ ಪೌರರಿಗೆ ಧೈರ್ಯವನ್ನೀಯುವುದು ಬಹುಮಟ್ಟಿಗೆ ಅವರ ಅಂತರಂಗದ ಶ್ರದ್ಧೆಯೇ. 1670ರಲ್ಲಿ ಲಂಡನ್ ನಗರದಲ್ಲಿ ನಡೆದ ಒಂದು ವಿಚಾರಣೆಯಿಂದ ಈ ಮಾತು ಸ್ಪಷ್ಟವಾಗುತ್ತದೆ.

ಎರಡನೆಯ ಚಾರ್ಲ್ಸನು ಆಳುತ್ತಿದ್ದ ಆ ಕಾಲದಲ್ಲಿ, ರಾಜ್ಯಸಮ್ಮತವಾದ ಚರ್ಚಿನ ವಿಧಿಗಳನ್ನುಳಿದು ಬೇರೆ ಬಗೆಯ ಆರಾಧನೆಗಾಗಿ ಮನೆಯವರಲ್ಲದ ಐವರೋ ಅದಕ್ಕೆ ಮೇಲ್ಪಟ್ಟವರೋ ಒಂದೆಡೆ ಕೂಡುವುದು ದಂಡನೀಯವಾಗಿತ್ತು. ಈ ಶಾಸನದಿಂದ ಬಹಳವಾಗಿ ನೊಂದವರು ಕ್ವೇಕರರೆಂಬ ಕ್ರೈಸ್ತ ಪಂಗಡದವರು. ಪುರೋಹಿತರಿಲ್ಲದೆ, ಮೌನವಾಗಿ ಕುಳಿತು, ಅಂತರ್ಜ್ಯೋತಿಯ ಪ್ರೇರಣೆಯಾದವರು ಮಾತ್ರ ನುಡಿಯುವುದು ಅವರ ಪೂಜಾಕ್ರಮ. ದೇವರ ಮುಂದೆ ಎಲ್ಲರೂ ಸಮಾನರಾದುದರಿಂದ ಯಾವ ಅಧಿಕಾರಿಯ ಎದುರಿನಲ್ಲಿಯೂ ಟೋಪಿ ತೆಗೆಯಲಾರೆವೆಂಬುದೂ, ಸತ್ಯವನ್ನೇ ನುಡಿಯುವವನಿಗೆ ಪ್ರಮಾಣವಚನ ಬೇಕಿಲ್ಲವೆಂಬುದೂ ಅವರ ನಿಷ್ಠೆ.

ಆ ವರ್ಷದ ಆಗಸ್ಟ್ 14ರಂದು ಗ್ರೇಸ್‌ಚರ್ಚ್ ಬೀದಿಯಲ್ಲಿದ್ದ ತಮ್ಮ ಸಭಾಮಂದಿರಕ್ಕೆ ಕ್ವೇಕರರು ಬಂದಾಗ ಸೈನಿಕರು ಬಾಗಿಲನ್ನು ಮುಚ್ಚಿ ಕಾವಲು ನಿಂತಿದ್ದರು. ನೌಕಾಪಡೆಯ ಅಡ್ಮಿರಲ್ ಒಬ್ಬರ ಮಗನಾದ, ಇಪ್ಪತ್ತೈದರ ಪ್ರಾಯದ ವಿಲಿಯಂ ಪೆನ್ ಬೀದಿಯಲ್ಲಿಯೇ ನಿಂತು ಉಪದೇಶಿಸಿದನು. ಅವನನ್ನೂ ವಿಲಿಯಂ ಮೀಡ್ ಎಂಬ ಬಟ್ಟೆಯ ವ್ಯಾಪಾರಿಯನ್ನೂ ಹಿಡಿದು, ದೊಂಬಿಗಾಗಿ ಜನರನ್ನು ಕೂಡಿಸಿ ಶಾಂತಿಭಂಗ ಮಾಡಿದರೆಂಬ ಆರೋಪವನ್ನು ಹೊರಿಸಿದರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಬರಿದಲೆಯಲ್ಲಿ ನಿಂತಿದ್ದ ಆಪಾದಿತರಿಗೆ ನ್ಯಾಯಪೀಠದ ಆಜ್ಞೆಯಂತೆ ಟೋಪಿ ತೊಡಿಸಿ, ಬಳಿಕ ಆ ಟೋಪಿಯನ್ನು ತೆಗೆಯಲಿಲ್ಲವೆಂಬ ಕಾರಣಕ್ಕಾಗಿಯೇ ಒಬ್ಬೊಬ್ಬರಿಗೂ 40 ಮಾರ್ಕುಗಳ ದಂಡ ಹಾಕಲಾಯಿತು. ತಾನು ಯಾವ ಶಾಸನವನ್ನು ಮೀರಿದೆನೆಂದು ಪೆನ್ ಮತ್ತೆ ಮತ್ತೆ ಕೇಳಿದನು. ಸಮಾಧಾನಕರವಾದ ಉತ್ತರ ದೊರೆಯಲಿಲ್ಲ. ಬದಲಾಗಿ ಅವನನ್ನು ನ್ಯಾಯಾಲಯದ ಮೂಲೆಯಲ್ಲಿದ್ದ ಕಟಕಟೆಗೆ ನೂಕಿದರು. ಆದರೂ ಅವನು ಅಲ್ಲಿಂದಲೇ ಜ್ಯೂರಿಯವರನ್ನು, ಎಂದರೆ ತೀರ್ಪು ನುಡಿಯಲು ಕುಳಿತಿದ್ದ ಪೌರರನ್ನು, ಕೂಗಿ ಕರೆದು, ತಮ್ಮ ಹಕ್ಕನ್ನು ಬಿಟ್ಟುಕೊಡಬಾರದೆಂದು ಬೇಡಿಕೊಂಡನು.

ಆ ಜ್ಯೂರಿಯಲ್ಲಿ ಹನ್ನೆರಡು ಮಂದಿ ಇದ್ದರು. ಮೊದಲು ಎಂಟು ಮಂದಿ ಮಾತ್ರ ಒಮ್ಮತಕ್ಕೆ ಬಂದರು. ಎಡ್ವರ್ಡ್ ಬುಷೆಲ್ ಮೊದಲಾದ ನಾಲ್ವರು ಒಪ್ಪಲಿಲ್ಲ. ನ್ಯಾಯಾಧೀಶರು ಗದರಿಸಿ ಒಳಕ್ಕೆ ಕಳುಹಿಸಿದ ಮೇಲೆ ಹೊರಬಂದ ತೀರ್ಪು ವಿಚಿತ್ರವಾಗಿತ್ತು: ಪೆನ್ ಗ್ರೇಸ್‌ಚರ್ಚ್ ಬೀದಿಯಲ್ಲಿ ಮಾತನಾಡಿದುದು ನಿಜ ಎಂದಷ್ಟೇ. ಕಾನೂನುಬಾಹಿರ ಸಭೆ ಎಂಬ ಮಾತನ್ನು ಸೇರಿಸಲು ಅವರು ಒಪ್ಪದಿರಲು, ತಮಗೆ ಬೇಕಾದ ತೀರ್ಪು ಬರುವ ತನಕ ಊಟ, ನೀರು, ಬೆಂಕಿ, ಹೊಗೆಸೊಪ್ಪು ಯಾವುದನ್ನೂ ಕೊಡದೆ ಕೂಡಿಹಾಕಿರೆಂದು ನ್ಯಾಯಪೀಠವು ಅಪ್ಪಣೆ ಮಾಡಿತು. ಎರಡು ರಾತ್ರಿಗಳು ಹಸಿವಿನಲ್ಲಿ ಕಳೆದವು. ಸೆಪ್ಟೆಂಬರ್ 5ರ ಸೋಮವಾರ ಹನ್ನೆರಡು ಮಂದಿಯೂ ಒಂದೇ ಕಂಠದಿಂದ ಇಬ್ಬರೂ ನಿರ್ದೋಷಿಗಳೆಂದು ನುಡಿದರು. ಅದಕ್ಕಾಗಿ ಅವರಿಗೂ ತಲಾ 40 ಮಾರ್ಕುಗಳ ದಂಡ ಬಿದ್ದಿತು. ಕೊಡದವರನ್ನು ನ್ಯೂಗೇಟ್ ಸೆರೆಮನೆಗೆ ಕಳುಹಿಸಿದರು. ಬುಷೆಲ್ ಮತ್ತು ಅವನ ಮೂವರು ಜತೆಗಾರರು ಹಣ ತೆರದೆ, ಅಕ್ರಮ ಬಂಧನದಿಂದ ಬಿಡುಗಡೆಯನ್ನು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ಕಾಮನ್ ಪ್ಲೀಸ್ ನ್ಯಾಯಾಲಯದ ಮೊರೆಹೊಕ್ಕರು. ಮುಖ್ಯ ನ್ಯಾಯಮೂರ್ತಿ ಜಾನ್ ವಾನ್ ಅವರು, ಜ್ಯೂರಿಯವರು ತಮ್ಮ ಬುದ್ಧಿಗೆ ತೋರಿದಂತೆ ಕೊಟ್ಟ ತೀರ್ಪಿಗಾಗಿ ಅವರನ್ನು ದಂಡಿಸುವಂತಿಲ್ಲವೆಂದು ನಿರ್ಣಯಿಸಿದರು.

ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಜ್ಯೂರಿಯಲ್ಲಿ ಕೂರುವವನು ಪ್ರಮಾಣ ಮಾಡಲೇಬೇಕಾಗಿತ್ತು. ಕ್ವೇಕರರಿಗೆ ಪ್ರಮಾಣ ನಿಷಿದ್ಧ. ಆದುದರಿಂದ ಆ ಹನ್ನೆರಡು ಮಂದಿಯಲ್ಲಿ ನಿಷ್ಠಾವಂತನಾದ ಕ್ವೇಕರನು ಒಬ್ಬನೂ ಇದ್ದಿರಲಾರನು. ತಮ್ಮದಲ್ಲದ ಮತಕ್ಕಾಗಿ ಅವರು ಹಸಿದರು. ಸತ್ಯವಾದ ತೀರ್ಪನ್ನು ಕೊಡುವೆವೆಂದು ದೇವರ ಹೆಸರಿನಲ್ಲಿ ಆಣೆಯಿಟ್ಟಿದ್ದರು. ಆ ಆಣೆಯನ್ನು ಅವರು ಬರಿಯ ಶಾಸ್ತ್ರವಾಗಿ ತಿಳಿಯಲಿಲ್ಲ. ಪೆನ್ನನಿಗೆ ಆಣೆಯಿಡದಿರುವುದು ಧರ್ಮ. ಅವರಿಗೆ ಇಟ್ಟ ಆಣೆಯನ್ನು ಮುರಿಯದಿರುವುದು ಧರ್ಮ. ಒಂದಕ್ಕೊಂದು ವಿರುದ್ಧವಾಗಿ ಕಾಣುವ ಈ ಎರಡು ಶ್ರದ್ಧೆಗಳು ಒಂದೇ ಸ್ವಾತಂತ್ರ್ಯವನ್ನು ಎರಡು ಕಡೆಯಿಂದ ಎತ್ತಿಹಿಡಿದುವು.

ಮುಂದೆ 1681ರಲ್ಲಿ ರಾಜನಿಂದ ಅಮೆರಿಕೆಯ ಭೂಭಾಗವೊಂದರ ಸನದನ್ನು ಪಡೆದ ಪೆನ್, ತನ್ನ ಪೆನ್ಸಿಲ್ವೇನಿಯದಲ್ಲಿ ಏಕದೇವನನ್ನು ನಂಬುವವರಾರಿಗೂ ಆರಾಧನೆಯ ವಿಷಯದಲ್ಲಿ ತೊಂದರೆಯಾಗಬಾರದೆಂದು ವಿಧಿಸಿದನು. ಅಧಿಕಾರಸ್ಥಾನಗಳನ್ನು ಮಾತ್ರ ಕ್ರೈಸ್ತರಿಗೇ ಮೀಸಲಾಗಿಟ್ಟುದು ಆ ವ್ಯವಸ್ಥೆಯ ಕೊರತೆ. ಆದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ.

ನಮ್ಮ ಸಂವಿಧಾನದ 25ನೆಯ ವಿಧಿಯು, ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು, ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದು ಪುಸ್ತಕದಲ್ಲಿದ್ದರೆ ಸಾಲದು. ನಮ್ಮ ಬೀದಿಯಲ್ಲಿ ಬೇರೆ ಮತದವರ ಪ್ರಾರ್ಥನೆಗೆ ಅಡ್ಡಿಯಾದಾಗ ಕಂಡದ್ದನ್ನು ಕಂಡಂತೆ ಸಾಕ್ಷಿ ನುಡಿಯುವವರು ಬೇಕು. ದೇವರಲ್ಲಿ ಭಕ್ತಿಯುಳ್ಳವರು ಆ ಸಾಕ್ಷಿಗೆ ಮೊದಲಿಗರಾಗಿ ನಿಲ್ಲಲಿ. ಅವರ ಭಕ್ತಿಗೆ ಅದಕ್ಕಿಂತ ಯೋಗ್ಯವಾದ ಸೇವೆ ಮತ್ತೊಂದಿಲ್ಲ.