ನ್ಯೂಟನ್, ಪೌಂಡ್ ಗೊಂದಲ: ಲೆಕ್ಕ ತಪ್ಪಿದರೆ ನೌಕೆಯೇ ನಷ್ಟ

ಅರಸೀಕೆರೆ: ಇಲ್ಲಿಗೆ ಸಮೀಪದ ಮಾಲೇಕಲ್ಲು ತಿರುಪತಿ ಬೆಟ್ಟದ ಮೆಟ್ಟಿಲುಗಳನ್ನು 10 ಕಿಲೋ ಅಕ್ಕಿಯ ಚೀಲ ಹೊತ್ತು ಏರುವ ಭಕ್ತರ ಹೆಗಲ ಮೇಲೆ ಬೀಳುವ ಭಾರವೆಷ್ಟು? ಹತ್ತು ಕಿಲೋ ಎಂಬುದು ವ್ಯವಹಾರದ ಉತ್ತರ. ಭೌತವಿಜ್ಞಾನದ ಪ್ರಕಾರ ಅದು ಸುಮಾರು 98 ನ್ಯೂಟನ್. ಬ್ರಿಟಿಷ್ ಪದ್ಧತಿಯಲ್ಲಿ 22 ಪೌಂಡ್ ಬಲ. ಮೂರೂ ಸರಿಯೇ. ಆದರೆ ಒಂದು ಮಾನದ ಅಂಕಿಯನ್ನು ಇನ್ನೊಂದು ಮಾನದ್ದೆಂದು ಓದಿದರೆ ಅನಾಹುತ ತಪ್ಪಿದ್ದಲ್ಲ.

ಕಿಲೋ ಬೇರೆ, ನ್ಯೂಟನ್ ಬೇರೆ

ಕಿಲೋಗ್ರಾಂ ಎಂಬುದು ದ್ರವ್ಯರಾಶಿಯ ಮಾನ. ನ್ಯೂಟನ್ ಬಲದ ಮಾನ. ಭೂಮಿಯು ಪ್ರತಿ ಕಿಲೋಗ್ರಾಂ ವಸ್ತುವನ್ನು ಸುಮಾರು 9.8 ನ್ಯೂಟನ್ ಬಲದಿಂದ ಸೆಳೆಯುತ್ತದೆ. ಇದನ್ನೇ ಒಂದು ಕಿಲೋಗ್ರಾಂ ಬಲ ಎನ್ನುತ್ತಾರೆ. ಒಂದು ಪೌಂಡ್ ಎಂದರೆ 0.4536 ಕಿಲೋಗ್ರಾಂ ಆದುದರಿಂದ ಪೌಂಡ್ ಬಲದ ಲೆಕ್ಕವೂ ಇದರಿಂದಲೇ ಸಿಗುತ್ತದೆ:

* 1 ಕಿಲೋಗ್ರಾಂ ಬಲ = 9.80665 ನ್ಯೂಟನ್ = 2.2046 ಪೌಂಡ್ ಬಲ
* 1 ಪೌಂಡ್ ಬಲ = 4.448 ನ್ಯೂಟನ್
* 1 ನ್ಯೂಟನ್ = 0.2248 ಪೌಂಡ್ ಬಲ

ಅಂದರೆ ಪೌಂಡ್ ಬಲವನ್ನು ನ್ಯೂಟನ್‌ಗೆ ತರಲು 4.448ರಿಂದ ಗುಣಿಸಬೇಕು, ನ್ಯೂಟನ್ನನ್ನು ಪೌಂಡ್ ಬಲಕ್ಕೆ ತರಲು ಅದೇ ಸಂಖ್ಯೆಯಿಂದ ಭಾಗಿಸಬೇಕು.

ಹಾಸನದ ನಂಟು

ಈ ಲೆಕ್ಕ ಜಿಲ್ಲೆಗೆ ಹೊಸತಲ್ಲ. ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವು 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತಿದೆ. ಇಂತಹ ಅನೇಕ ಉಪಗ್ರಹಗಳನ್ನು ನಿಗದಿತ ಕಕ್ಷೆಗೆ ಏರಿಸಿದ್ದು ಅವುಗಳಲ್ಲೇ ಅಳವಡಿಸಿದ 440 ನ್ಯೂಟನ್ ಸಾಮರ್ಥ್ಯದ ಎಂಜಿನ್. ಇದು ಸುಮಾರು 45 ಕಿಲೋಗ್ರಾಂ ಬಲಕ್ಕೆ, ಇಲ್ಲವೇ 99 ಪೌಂಡ್ ಬಲಕ್ಕೆ ಸಮ. 50 ಕಿಲೋದ ಒಂದು ಸಿಮೆಂಟ್ ಮೂಟೆಯನ್ನು ಎತ್ತಲೂ ಈ ಬಲ ಸಾಲದು! ಗಾಳಿಯ ತಡೆಯಿಲ್ಲದ ಬಾಹ್ಯಾಕಾಶದಲ್ಲಿ ಬಹಳ ಹೊತ್ತು ಉರಿಯುವುದರಿಂದಲೇ ಅದು ಟನ್‌ಗಟ್ಟಲೆ ತೂಗುವ ಉಪಗ್ರಹದ ಪಥವನ್ನು ಬದಲಿಸಬಲ್ಲದು.

ನಾಸಾ ಕಲಿತ ಪಾಠ

ಅಮೆರಿಕದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ನಾಶವಾಯಿತು. ನೌಕೆಯ ಪುಟ್ಟ ಎಂಜಿನ್‌ಗಳು ಉರಿದಾಗಿನ ಪರಿಣಾಮವನ್ನು ಭೂಮಿಯ ಮೇಲಿನ ಒಂದು ತಂತ್ರಾಂಶವು ಪೌಂಡ್-ಸೆಕೆಂಡ್‌ನಲ್ಲಿ ನೀಡುತ್ತಿತ್ತು. ಪಥ ಲೆಕ್ಕ ಹಾಕುವವರು ಅದನ್ನು ನ್ಯೂಟನ್-ಸೆಕೆಂಡ್ ಎಂದೇ ಭಾವಿಸಿದರು. ಪರಿಣಾಮವಾಗಿ ಪ್ರತಿ ಬಾರಿಯೂ ನಿಜವಾದ ಬಲ ಲೆಕ್ಕಕ್ಕಿಂತ 4.45 ಪಟ್ಟು ಹೆಚ್ಚಾಗಿತ್ತು. ತಿಂಗಳುಗಟ್ಟಲೆ ಈ ತಪ್ಪು ಸೇರುತ್ತಾ ಹೋಗಿ, ಮಂಗಳನಿಂದ 226 ಕಿ.ಮೀ. ಎತ್ತರದಲ್ಲಿ ಸಾಗಬೇಕಿದ್ದ ನೌಕೆ ಸುಮಾರು 57 ಕಿ.ಮೀ.ಗೆ ಇಳಿದಿತ್ತು.

ಇದಾದ 15 ವರ್ಷಗಳ ನಂತರ, 2014ರ ಸೆಪ್ಟೆಂಬರ್ 24ರಂದು ಭಾರತದ ಮಂಗಳಯಾನ ನೌಕೆ ತನ್ನ 440 ನ್ಯೂಟನ್ ಎಂಜಿನ್ನನ್ನು ಸುಮಾರು 23 ನಿಮಿಷ ಉರಿಸಿ ಮಂಗಳನ ಕಕ್ಷೆ ಸೇರಿತು. ಮೊದಲ ಯತ್ನದಲ್ಲೇ ಭಾರತ ಯಶಸ್ವಿಯಾಯಿತು.

ಬಂಕ್‌ನಲ್ಲೂ ಪೌಂಡ್

ಭಾರತ ಮೆಟ್ರಿಕ್ ಪದ್ಧತಿಗೆ ಕಾನೂನು ಮಾಡಿದ್ದು 1956ರಲ್ಲಿ. ಆದರೂ ಪೆಟ್ರೋಲ್ ಬಂಕ್‌ನಲ್ಲಿ ಟೈರಿಗೆ 'ಮೂವತ್ತು' ಗಾಳಿ ಹಾಕಿಸುವಾಗ ನಾವು ಕೇಳುತ್ತಿರುವುದು ಪ್ರತಿ ಚದರ ಅಂಗುಲಕ್ಕೆ 30 ಪೌಂಡ್ ಬಲದ ಒತ್ತಡವನ್ನೇ. ಮೆಟ್ರಿಕ್ ಲೆಕ್ಕದಲ್ಲಿ ಅದು 207 ಕಿಲೋಪ್ಯಾಸ್ಕಲ್, ಅಂದರೆ ಪ್ರತಿ ಚದರ ಸೆಂಟಿಮೀಟರ್‌ಗೆ 2.1 ಕಿಲೋಗ್ರಾಂ ಬಲ. ವಾಹನದ ಕೈಪಿಡಿಯಲ್ಲಿ ಒತ್ತಡದ ಅಂಕಿ ನೋಡುವಾಗ ಅದರ ಪಕ್ಕದಲ್ಲಿರುವ ಮಾನವನ್ನೂ ಓದುವುದು ಒಳಿತು.